ಹಗಲೆಲ್ಲ ಆಂಟಿ

ಮಕ್ಕಳನ್ನು ನೋಡಿಕೊಳ್ಳುವುದು ಭಾರೀ ಕಷ್ಟ ಎಂದು ಜನ ಅಂದುಕೊಂಡಿದ್ದಾರೆ. ಉಣ್ಣಿಸುವುದು, ಮಲಗಿಸುವುದು, ಚಡ್ಡಿ ಬದಲಾಯಿಸುವುದು ಹೇಗೋ ನಡೆದುಹೋಗುತ್ತದೆ. ಕಷ್ಟ ಇರುವುದು ಗೇಟಿನಲ್ಲಿ. ಬೆಳಿಗ್ಗೆ ಬಿಟ್ಟು ಹೋಗುವಾಗ ಒಂದು ಗಳಿಗೆ, ಸಂಜೆ ಕರೆದುಕೊಂಡು ಹೋಗುವಾಗ ಒಂದು ಗಳಿಗೆ. ದೊಡ್ಡನೆಕ್ಕುಂದಿಯ ನಮ್ಮ ಮನೆಯಲ್ಲಿ ನಾನು ಕೆಲವು ವರ್ಷ ಬೇಬಿ ಸಿಟ್ಟಿಂಗ್ ನಡೆಸಿದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ನಮ್ಮ ಯಜಮಾನರು ಅಲ್ಲೇ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ಆರ್ಡರ್ ಬಂದರೆ ಕೆಲಸ, ಬಾರದಿದ್ದರೆ ಮನೆಯಲ್ಲಿ ಟಿವಿ. ಟಿವಿಯ ತಿಂಗಳುಗಳೇ ಹೆಚ್ಚಾದಾಗ ಅತ್ತೆ ಮತ್ತು ನಾನು ಸೇರಿ ಮುಂದಿನ ಹಾಲ್‌ನಲ್ಲಿದ್ದ ಸೋಫಾವನ್ನೂ ಶೋಕೇಸನ್ನೂ ಮಹಡಿಗೆ ಸಾಗಿಸಿ, ನೆಲಕ್ಕೆ ರಬ್ಬರಿನ ಚಾಪೆ ಹಾಸಿ, ಗೇಟಿಗೆ ಒಂದು ಬೋರ್ಡು ಕಟ್ಟಿದೆವು. ರಿಂಗ್ ರೋಡಿನ ಉದ್ದಕ್ಕೂ ಕಂಪನಿಗಳು ಎದ್ದು ನಿಂತಿದ್ದ ಕಾಲ ಅದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ಬೀದಿಗೆ ಹತ್ತು ಇದ್ದವು. ಬೋರ್ಡು ಕಟ್ಟಿದ ವಾರದಲ್ಲೇ ಮಕ್ಕಳು ಬಂದವು. ಅಲ್ಲಿಂದ ಮುಂದೆ ನಮ್ಮ ಮನೆ ನಡೆದದ್ದು ಆ ಮಕ್ಕಳಿಂದಲೇ.

ಮನೆ ನಡೆಯಿತು, ಆದರೆ ನಾನು ನಡೆಯುವುದು ನಿಂತಿತು. ಬೆಳಿಗ್ಗೆ ಗೇಟು ತೆಗೆದ ಮೇಲೆ ಕೊನೆಯ ಮಗುವನ್ನು ಕರೆದೊಯ್ಯುವವರೆಗೆ ನಾನು ಆಚೆಗೆ ಕಾಲಿಡುವಂತಿರಲಿಲ್ಲ. ಚಿಕ್ಕಮ್ಮನ ಮನೆ ಎರಡು ಬೀದಿಯಾಚೆ ಇತ್ತು. ಅವರಿಗೆ ಹುಷಾರಿಲ್ಲದಾಗಲೂ ಫೋನಿನಲ್ಲೇ ವಿಚಾರಿಸಿದೆ. ಕೊತ್ತಂಬರಿ ಸೊಪ್ಪು ಬೇಕಾದರೂ ಗಾಡಿಯವನನ್ನು ಗೇಟಿಗೇ ಕೂಗಿ ಕರೆಯಬೇಕು. ರಿಂಗ್ ರೋಡಿನಲ್ಲಿ ಎಲ್ಲೋ ಒಂದು ಲಾರಿ ಕೆಟ್ಟು ನಿಂತರೆ ಇಲ್ಲಿ ನನ್ನ ಸಂಜೆಯೂ ಕೆಟ್ಟು ನಿಲ್ಲುತ್ತಿತ್ತು. ಯಾರದೋ ಅಪ್ಪ ಬಸ್ಸಿನಲ್ಲಿ ಸಿಕ್ಕಿಕೊಂಡಿರುತ್ತಿದ್ದ, ಅವನ ಮಗುವಿನ ಜೊತೆ ನಾನು ಮನೆಯಲ್ಲಿ ಸಿಕ್ಕಿಕೊಂಡಿರುತ್ತಿದ್ದೆ.

ಬೆಳಿಗ್ಗೆ ಗೇಟಿನಲ್ಲಿ ನಡೆಯುತ್ತಿದ್ದುದನ್ನು ನೋಡಬೇಕಿತ್ತು. ಒಬ್ಬ ಅಪ್ಪ ಬೈಕು ಆರಿಸದೆ ‘ಬಾಯ್ ಬಂಗಾರ’ ಎಂದು ಹೊರಟವನು ಬೀದಿ ಕೊನೆಯಿಂದ ಮತ್ತೆ ವಾಪಸ್ಸು ಬರುತ್ತಿದ್ದ. ಮಗು ಅತ್ತು ಸುಮ್ಮನಾಗುವಷ್ಟರಲ್ಲಿ ಇವನ ಮುಖ ಮತ್ತೆ ಸರಳುಗಳ ಸಂದಿಯಲ್ಲಿ. ಒಬ್ಬಳು ತಾಯಿ ಮಗಳಿಗೆ ಕಾಗೆ ತೋರಿಸುವಂತೆ ನಮ್ಮತ್ತೆಗೆ ಕಣ್ಸನ್ನೆ ಮಾಡಿ ಹಿಂದಿನಿಂದ ಜಾರಿಕೊಳ್ಳುತ್ತಿದ್ದಳು. ಸ್ವಲ್ಪ ದಿನದಲ್ಲಿ ಆ ಮಗು ಕಾಗೆ ಕಂಡರೇ ಅಳುವಂತಾಯಿತು. ಇನ್ನೊಬ್ಬಳ ಮಗ ಅವಳ ಕೊರಳಿನ ಐಡಿ ಕಾರ್ಡಿನ ದಾರ ಹಿಡಿದರೆ ಬಿಡುತ್ತಿರಲಿಲ್ಲ. ಹೊರಗೆ ಕಂಪನಿ ಕ್ಯಾಬ್‌ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ಒಳಗೆ ಕೂತವರೆಲ್ಲ ಕಿಟಕಿಯಿಂದ ಇವಳನ್ನೇ ನೋಡುತ್ತಿದ್ದರು. ಕೊನೆಗೆ ಒಂದು ದಿನ ಕಾರ್ಡನ್ನು ಮಗನ ಕೈಗೇ ಬಿಟ್ಟು ಓಡಿದಳು. ಅಂದು ಅವಳನ್ನು ಕಂಪನಿಯೊಳಗೆ ಹೇಗೆ ಬಿಟ್ಟುಕೊಂಡರೋ ನನಗೆ ಗೊತ್ತಿಲ್ಲ.

“ಟಾಟಾ ಅಂತ ಹೇಳಿ, ಹೊರಟ್ಬಿಡಿ. ನಿಲ್ಬೇಡಿ,” ಎಂದು ಎಲ್ಲರಿಗೂ ಹೇಳುತ್ತಿದ್ದೆ. ಹೇಳುವುದು ಸುಲಭವಾಗಿತ್ತು.

ಸಂಜೆಯದು ಇನ್ನೊಂದು ಬಗೆ. ಹಗಲೆಲ್ಲ ಬಾಯಿಗೆ ಬೆರಳಿಟ್ಟರೂ ಕಚ್ಚದ ಮಕ್ಕಳು ತಾಯಿಯ ಮುಖ ಕಂಡ ಕೂಡಲೇ ಬೇರೆಯೇ ಆಗುತ್ತಿದ್ದವು. ಬ್ಯಾಗು ಎಸೆಯುವುದು, ಶೂ ಹಾಕಿಸಿಕೊಳ್ಳದೆ ಕಾಲು ಝಾಡಿಸುವುದು, ಬಾಗಿಲಲ್ಲೇ ಅಂಗಾತ ಬೀಳುವುದು. ಆಗ ನಾನು ಗದರಿಸುವಂತಿಲ್ಲ, ತಾಯಿ ಎದುರಿಗೇ ಇದ್ದಾಳೆ. ತಾಯಿ ಗದರಿಸುವಂತಿಲ್ಲ, ನಾನು ನೋಡುತ್ತಿದ್ದೇನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾ ನಿಂತಿರುವಾಗ ಮಗು ನೆಲದ ಮೇಲೆ ಉರುಳಾಡುತ್ತಿತ್ತು. ಇವರೇ ಮುದ್ದು ಮಾಡಿ ಕೆಡಿಸುತ್ತಾರೆ ಎಂದು ನನ್ನ ಲೆಕ್ಕಾಚಾರ. ಕೆಲಸದಿಂದ ಬರುವಾಗ ಚಾಕೊಲೇಟ್ ತರುವ ತಾಯಂದಿರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ನನ್ನ ಮಗಳಿಗೆ ಇನ್ನೂ ಸ್ಕೂಲಿಗೆ ಸೇರಿಸುವ ವಯಸ್ಸಾಗಿರಲಿಲ್ಲ. ಉಳಿದ ಮಕ್ಕಳ ಜೊತೆಯಲ್ಲೇ ಅವಳೂ ಇರುತ್ತಿದ್ದಳು. ಬೇಬಿ ಸಿಟ್ಟಿಂಗ್ ಶುರುವಾದ ಹೊಸದರಲ್ಲಿ ಒಂದು ತೊಂದರೆ ಕಂಡಿತು. ಎಲ್ಲ ಮಕ್ಕಳೂ ಆಟದಲ್ಲಿ ಮುಳುಗಿರುವಾಗ ನನ್ನ ಮಗಳು “ಅಮ್ಮಾ, ನೀರು” ಎಂದು ಕೂಗಿದರೆ ಸಾಕು, ಯಾವುದೋ ಒಂದು ಮಗುವಿಗೆ ತನ್ನಮ್ಮನ ನೆನಪಾಗಿ ತುಟಿ ಸೊಟ್ಟಗೆ ಮಾಡುತ್ತಿತ್ತು. ಅದನ್ನು ನೋಡಿ ಇನ್ನೊಂದು. ಅರೆಗಳಿಗೆಯಲ್ಲಿ ಹಾಲ್ ತುಂಬ ಅಳು. ಅತ್ತೆಯೇ ಉಪಾಯ ಹೇಳಿದರು.

“ಅವ್ಳೂ ಎಲ್ಲಾರಂಗೆ ಆಂಟಿ ಅನ್ಲಿ ಬುಡು. ಗೇಟ್ ತಗ್ದಾಗ ಆಂಟಿ, ಆಕ್ದಾಗ ಅಮ್ಮ.”

ಮಗಳು ಜಾಣೆ. ಎರಡೇ ದಿನಕ್ಕೆ ಕಲಿತಳು. ಕಲಿತದ್ದಕ್ಕೆ ನಾವೆಲ್ಲ ಹೊಗಳಿದೆವು, ಮನೆಗೆ ಬಂದವರೆದುರು ಹೇಳಿ ನಕ್ಕೆವು. ಎಲ್ಲರ ಹಾಗೆ ಅವಳಿಗೂ ಒಂದು ಬ್ಯಾಗು, ನೀರಿನ ಬಾಟಲಿ, ಗೋಡೆಯಲ್ಲಿ ಬ್ಯಾಗು ನೇತುಹಾಕಲು ಒಂದು ಮೊಳೆ. ಅವಳು ಬಂದು ತೊಡೆಯ ಮೇಲೆ ಕೂತರೆ ಉಳಿದವರೂ ಬರುತ್ತಾರೆಂದು ಅವಳನ್ನು ಕೂರಿಸಿಕೊಳ್ಳುತ್ತಿರಲಿಲ್ಲ. ತಾಯಂದಿರು ಅದನ್ನೆಲ್ಲ ನೋಡುತ್ತಾರೆ. ನಾನು ನನ್ನ ಸ್ವಂತ ಮಗುವಿಗೆ ಬಡಿಸುವಾಗ ಒಂದು ಚಮಚ ತುಪ್ಪ ಜಾಸ್ತಿ ಬಿತ್ತು ಅನ್ನಿಸಿದರೆ ಬಾಯಿಬಿಟ್ಟು ಹೇಳುವುದಿಲ್ಲ, ಮುಂದಿನ ತಿಂಗಳು ಬ್ರೂಕ್‌ಫೀಲ್ಡಿನಲ್ಲಿ ಹೊಸದಾಗಿ ತೆರೆದ ಬೇಬಿ ಸಿಟ್ಟಿಂಗಿಗೆ ತಮ್ಮ ಮಗುವನ್ನು ಸೇರಿಸುತ್ತಾರೆ.

ಸಂಜೆಯಾದರೆ ಮಕ್ಕಳಿಗೆಲ್ಲ ಮುಖ ತೊಳೆಸಿ, ಪೌಡರ್ ಹಚ್ಚಿ, ಶೂ ಹಾಕಿ, ಬ್ಯಾಗು ಬೆನ್ನಿಗೇರಿಸಿ ಗೋಡೆಗೆ ಸಾಲಾಗಿ ಕೂರಿಸುತ್ತಿದ್ದೆವು. ಗೇಟಿಗೆ ಬಂದವರನ್ನು ನೋಡಿ ಅತ್ತೆ ಒಂದೊಂದೇ ಹೆಸರು ಕೂಗುತ್ತಿದ್ದರು. ಮಗಳೂ ಆ ಸಾಲಿನಲ್ಲಿ ಶೂ ಹಾಕಿಕೊಂಡು ಕೂರುತ್ತಿದ್ದಳು. ಎಲ್ಲರೂ ಹೋದ ಮೇಲೆ ತಾನೇ ಶೂ ಬಿಚ್ಚಿ, ಬ್ಯಾಗನ್ನು ಮೊಳೆಗೆ ಹಾಕಿ ಅಡುಗೆಮನೆಗೆ ಬಂದು “ಅಮ್ಮಾ” ಅನ್ನುತ್ತಿದ್ದಳು. ಎಷ್ಟು ಶಿಸ್ತು ಎಂದುಕೊಂಡು ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

ಆಮೇಲೆ ಸಂಜೆಯ ಹೊತ್ತಿಗೆ ಶೂಗಳು ಕಾಣೆಯಾಗತೊಡಗಿದವು. ಜೊತೆಯಲ್ಲ, ಒಂದೊಂದೇ. ಹೊರಗೆ ಕ್ಯಾಬು ಕಾಯುತ್ತಿರುತ್ತಿತ್ತು, ತಾಯಿ ಒಂದು ಕಾಲಿನ ಶೂ ಹಿಡಿದು ನಿಂತಿರುತ್ತಿದ್ದಳು, ನಾನು ಮತ್ತು ಅತ್ತೆ ತುಳಸಿ ಕಟ್ಟೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಕೆಳಗೆ, ಗ್ಯಾಸ್ ಸಿಲಿಂಡರಿನ ಸಂದಿಯಲ್ಲಿ ಹುಡುಕುತ್ತಿದ್ದೆವು. ಯಾರ ಕೆಲಸವೆಂದು ತಿಳಿಯಲು ತಡವಾಗಲಿಲ್ಲ. ನನ್ನ ಮಗಳದೇ. ಶೂಗಳನ್ನು ಎತ್ತಿ ಮೇಲಿನ ಹಲಗೆಯ ಮೇಲಿಟ್ಟೆವು. ಆಗ ಅವಳು ಗೇಟಿನ ಅಡ್ಡಕ್ಕೆ ಉದ್ದುದ್ದ ಮಲಗುವುದನ್ನು ಶುರು ಮಾಡಿದಳು. ಮಗುವನ್ನು ಎತ್ತಿಕೊಂಡ ತಾಯಂದಿರು ಅವಳನ್ನು ದಾಟಿಕೊಂಡು ಹೋಗಬೇಕು. ನಗುತ್ತಾ ದಾಟುತ್ತಿದ್ದವರು ಮುಖ ಗಂಟುಹಾಕಿ ದಾಟತೊಡಗಿದರು.

ಹುಬ್ಬಳ್ಳಿ ಕಡೆಯ ತಾಯಿಯೊಬ್ಬಳು ಇದ್ದಳು, ಹತ್ತಿರದ ಕಂಪನಿಯಲ್ಲಿ ಕೆಲಸ, ಮೆತ್ತನೆ ಮಾತು. ಒಂದು ಬುಧವಾರ ಅವಳು ಗೇಟಿಗೆ ಬಂದಾಗ ಅವಳ ಮಗ ಖುಷಿಯಿಂದ ಓಡಿದ. ನನ್ನ ಮಗಳು ಹಿಂದಿನಿಂದ ಓಡಿಹೋಗಿ ಅವನನ್ನು ದೂಡಿದಳು. ಹುಡುಗ ಗೇಟಿನ ಹಳಿಯ ಮೇಲೆ ಮುಖ ಅಡಿಯಾಗಿ ಬಿದ್ದ. ತುಟಿ ಒಡೆದು ರಕ್ತ ಬಂತು.

ನನಗೆ ಸಿಟ್ಟು ನೆತ್ತಿಗೇರಿತು. ಮಗಳ ರೆಟ್ಟೆ ಹಿಡಿದು ಎಳೆದುಕೊಂಡು ಒಳಕೋಣೆಗೆ ಹೋಗಿ ಎರಡು ಬಾರಿಸಿದೆ. ಅವಳು ಅಳುತ್ತಾ “ಬಿಡಿ ಆಂಟಿ, ನೋಯ್ತದೆ ಆಂಟಿ” ಎಂದಳು.

“ಅಮ್ಮ ಅನ್ನೇ,” ಎಂದೆ. ಯಾಕೆ ಹಾಗಂದೆನೋ.

ಅವಳು ಬಿಕ್ಕುತ್ತಾ ಬಾಗಿಲ ಕಡೆ ನೋಡಿದಳು. “ಗೇಟ್ ಇನ್ನೂ ತಗ್ದೈತೆ.”

ಹೊರಗೆ ಬಂದಾಗ ಹುಬ್ಬಳ್ಳಿಯವಳ ಜೊತೆ ಇನ್ನಿಬ್ಬರು ತಾಯಂದಿರು ನಿಂತಿದ್ದರು. ಅವಳು ಕೂಗಾಡಿದ್ದರೆ ನನಗೆ ಸಲೀಸಾಗುತ್ತಿತ್ತು, ನಾನೂ ಕೂಗಾಡಬಹುದಿತ್ತು. ಅವಳು ಮಗನ ತುಟಿಗೆ ಕರ್ಚೀಫು ಒತ್ತಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು.

“ತಪ್ಪ ತಿಳ್ಕೋಬ್ಯಾಡ್ರಿ ಆಂಟಿ. ನಿಮ್ಮ ಮಗಳನ್ನ ಬ್ಯಾರೆ ಎಲ್ಲೆರ ಬಿಡಾಕ ಆಗ್ತದೇನು ನೋಡ್ರಿ. ಸೋಮವಾರ ತನಕ ನೋಡ್ತೀವಿ. ಇಲ್ಲಾಂದ್ರ ನಾವ ಬ್ಯಾರೆ ಕಡೆ ನೋಡ್ಕೋಬೇಕಾಗ್ತದ.”

ಬೇಬಿ ಸಿಟ್ಟಿಂಗ್ ನಡೆಸುವವಳು ತನ್ನ ಮಗಳನ್ನು ಬೇರೆ ಬೇಬಿ ಸಿಟ್ಟಿಂಗಿಗೆ ಬಿಡಬೇಕಂತೆ. ನಗುವ ಮಾತೇ. ಆದರೆ ಉಳಿದ ಇಬ್ಬರೂ ಹೌದೆನ್ನುವಂತೆ ನೆಲ ನೋಡುತ್ತಿದ್ದರು. ಮೂವರು ಹೋದರೆ ಅವರ ಹಿಂದೆ ಇನ್ನೂ ಮೂವರು ಹೋಗುತ್ತಾರೆಂದು ನನಗೆ ಗೊತ್ತಿತ್ತು.

ಅತ್ತೆ ಅಂದೇ ದಾರಿ ಹುಡುಕಿದರು. “ಮಾಲೂರ್ಗೆ ನಿಮ್ಮಮ್ಮನ್ ಮನೇಗೆ ಕಳ್ಸ್‌ಬುಡು. ಇಸ್ಕೂಲ್ಗೆ ಸೇರ್ಸೋಗಂಟ ಅಲ್ಲೇ ಇರ್ಲಿ. ಇಲ್ದಿದ್ರೆ ಒಂದೊಂದಾಗಿ ಎಲ್ಲಾ ಮಕ್ಳೂ ಒಂಟೋಯ್ತವೆ, ನೋಡ್ತಿರು.”

ಯಜಮಾನರನ್ನು ಕೇಳಿದೆ. “ನಂಗೇನ್ ಗೊತ್ತಾಯ್ತದೆ, ನೀವೇ ನೋಡ್ಕಳಿ,” ಎಂದು ಟಿವಿಯ ಸದ್ದು ಏರಿಸಿದರು. ಮಾಲೂರಿನಲ್ಲಿ ಅಮ್ಮನ ಜೊತೆಗಿದ್ದ ತಮ್ಮನಿಗೆ ಫೋನ್ ಮಾಡಿದೆ. ಭಾನುವಾರ ಬೈಕಿನಲ್ಲಿ ಬಂದು ಕರೆದೊಯ್ಯುತ್ತೇನೆಂದ. ಮಗಳನ್ನು ಇಟ್ಟುಕೊಂಡರೆ ಮನೆ ನಡೆಯುವುದಿಲ್ಲ, ಮನೆ ನಡೆಯಬೇಕಾದರೆ ಮಗಳು ಇರುವಂತಿಲ್ಲ. ಬಟ್ಟೆ ಮಡಚುತ್ತಾ ಎಷ್ಟು ಸಲ ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ.

ಶುಕ್ರವಾರ ಸಂಜೆ ಮಕ್ಕಳನ್ನು ಸಾಲಾಗಿ ಕೂರಿಸಿ ನಾನು ಪೌಡರ್ ಡಬ್ಬಿ ಎತ್ತಿಡುತ್ತಿದ್ದೆ. ಮಗಳು ಪಕ್ಕದ ಹುಡುಗಿಯನ್ನು ಕೇಳುತ್ತಿದ್ದಳು.

“ನಿನ್ನ ಯಾರ್ ಕರ್ಕೊಂಡೋಗ್ತಾರೆ?”

“ಪಪ್ಪ.”

“ನನ್ನ?”

ಆ ಹುಡುಗಿ ಸ್ವಲ್ಪ ಯೋಚಿಸಿ, “ನಿನ್ನ ಯಾರೂ ಇಲ್ಲ,” ಎಂದಳು. ಜಗಳಕ್ಕೆ ಹೇಳಿದ್ದಲ್ಲ. ದಿನಾ ನೋಡಿದ್ದನ್ನು ಹೇಳಿದಳು ಅಷ್ಟೇ.

ನಾನು ಡಬ್ಬಿಯನ್ನು ಅಲ್ಲೇ ಇಟ್ಟೆ. ಅತ್ತೆಗೆ “ಗೇಟ್ ನೋಡ್ಕೊಳ್ಳಿ” ಎಂದು ಹೇಳಿ ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಹೊರಬಿದ್ದೆ. ಪಕ್ಕದ ಮನೆಯವರ ಹಿತ್ತಿಲು ದಾಟಿ, ಅವರ ನೀರಿನ ಟ್ಯಾಂಕಿನ ಪಕ್ಕದ ಸಂದಿಯಲ್ಲಿ ಅಡ್ಡಡ್ಡ ತೂರಿಕೊಂಡು ಹಿಂದಿನ ಬೀದಿಗೆ ಬಂದೆ. ಆ ಹೊತ್ತಿನಲ್ಲಿ ನಮ್ಮೂರಿನ ಬೀದಿಯನ್ನು ನಾನು ನೋಡಿ ಯಾವ ಕಾಲವಾಗಿತ್ತೋ. ಪಾನಿಪುರಿ ಗಾಡಿಯ ಸುತ್ತ ಹುಡುಗಿಯರು, ಕೊರಳಲ್ಲಿ ಕಾರ್ಡು ತೂಗಿಸಿಕೊಂಡು ದಾಪುಗಾಲು ಹಾಕುವವರು, ಶಿಫ್ಟ್ ಮುಗಿಸಿ ಖಾಲಿ ಡಬ್ಬಿ ಹಿಡಿದು ಬರುವ ಕಾರ್ಖಾನೆಯವರು. ಎಲ್ಲರೂ ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಅವರ ಜೊತೆ ಹೆಜ್ಜೆ ಹಾಕುತ್ತಾ ಬೀದಿ ಸುತ್ತಿ ನಮ್ಮ ಮನೆಯ ಗೇಟಿಗೆ ಬಂದು, ಮಕ್ಕಳನ್ನು ಕರೆದೊಯ್ಯಲು ನಿಂತವರ ನಡುವೆ ನಿಂತೆ.

“ಇದ್ಯಾಕ್ ಆಂಟಿ, ಇಲ್ಲಿ?” ಎಂದ ಬೈಕಿನ ಅಪ್ಪ.

“ಮಗಳನ್ನ ಕರ್ಕೊಂಡೋಗಕ್ಕೆ,” ಎಂದೆ.

ಅತ್ತೆ ನನ್ನನ್ನು ನೋಡಿ, “ಏನ್ ನಾಟ್ಕಾನೇ ನಿಂದು,” ಎಂದು ಗೊಣಗಿದರು. ಆದರೆ ಒಳಗೆ ತಿರುಗಿ ಮೊಮ್ಮಗಳ ಹೆಸರನ್ನು ಉಳಿದ ಮಕ್ಕಳ ಹೆಸರು ಕೂಗುವಂತೆಯೇ ಕೂಗಿದರು.

ಮಗಳು ಎದ್ದು ಬಾಗಿಲಿಗೆ ಬಂದಳು. ಗೇಟಿನಾಚೆ ನಿಂತ ನನ್ನನ್ನು ನೋಡಿದಳು. ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದು ನಾನು ಕೈ ಚಾಚಿದ್ದೆ. ಅವಳು ಬೆನ್ನಿನ ಬ್ಯಾಗು ಕಿತ್ತು ನನ್ನ ಮೇಲೆ ಎಸೆದಳು. ಶೂ ಕಾಲಿನಿಂದ ನನ್ನ ಮೊಣಕಾಲಿಗೆ ಒದ್ದಳು. ಆಮೇಲೆ ಗೇಟಿನಲ್ಲಿ ಅಂಗಾತ ಬಿದ್ದು “ಅಮ್ಮಾ, ಅಮ್ಮಾ” ಎಂದು ಬೀದಿಗೆಲ್ಲ ಕೇಳುವಂತೆ ಅತ್ತಳು. ಒಳಗಿದ್ದ ಮಕ್ಕಳೂ ಶುರು ಮಾಡಿದವು. ನಾನು ಎತ್ತಿಕೊಳ್ಳಲು ಹೋದರೆ ಮೈ ಸೆಟೆಸಿದಳು, ಬಿಟ್ಟರೆ ಸೆರಗು ಎಳೆದಳು. ಎಲ್ಲ ತಾಯಂದಿರಿಗೂ ಬುದ್ಧಿ ಹೇಳುತ್ತಿದ್ದ ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎಲ್ಲರೆದುರು ಅವಳ ಪಕ್ಕ ಮಣ್ಣಿನಲ್ಲಿ ಕುಕ್ಕರಿಸಿದೆ.

ಹುಬ್ಬಳ್ಳಿಯವಳು ಮಗನನ್ನು ಸೊಂಟದ ಮೇಲಿಟ್ಟುಕೊಂಡು ಬ್ಯಾಗು ಎತ್ತಿ ನನ್ನ ಕೈಗೆ ಕೊಟ್ಟಳು.

“ಅವ್ವ ಬಂದ್ಲಂದ್ರ ಹಿಂಗ ಆಡ್ತಾವ್ರಿ,” ಎಂದಳು. “ನಿಮ್ಮ ಮುಂದ ಶಾಣ್ಯಾ ಆಗಿ ಇರ್ತಾವು. ನಮ್ಮ ಮುಂದ ಅಷ್ಟ ಹಟ. ನಮ್ಮವರು ಅಂತ ಗೊತ್ತಿರ್ತದಲ್ಲ.”

ನಾನು ಇಷ್ಟು ದಿನ ಆ ತಾಯಂದಿರನ್ನು ಬೈದುಕೊಂಡಿದ್ದೆಲ್ಲ ತಪ್ಪೆನಿಸಿತು. ಮೊಣಕಾಲು ನೋಯುತ್ತಿತ್ತು, ಆದರೂ ಒಳಗೊಳಗೇ ಹಿಗ್ಗಿದೆ.

ಅಳು ಇಳಿದ ಮೇಲೆ ಮಗಳ ಕೈ ಹಿಡಿದು ನಡೆದೆ. ಎಲ್ಲಿಗೆಂದು ಅವಳು ಕೇಳಲಿಲ್ಲ. ರಿಂಗ್ ರೋಡಿನವರೆಗೆ ಹೋಗಿ ಬಸ್ಸುಗಳನ್ನು ನೋಡಿದೆವು. ಕಾರಣವೇ ಇಲ್ಲದೆ ಆಗಾಗ “ಅಮ್ಮಾ” ಎನ್ನುತ್ತಿದ್ದಳು. ಏನೆಂದರೆ ಏನೂ ಇಲ್ಲ. ಒಂದು ಕಡಲೆಕಾಯಿ ಪೊಟ್ಟಣ ಕೊಂಡು ಇಬ್ಬರೂ ತಿಂದೆವು. ಅವಳನ್ನು ಮಾಲೂರಿಗೆ ಕಳಿಸುವುದಿಲ್ಲ, ಹೋಗುವವರು ಹೋಗಲಿ, ಉಳಿದವರು ಉಳಿಯಲಿ ಎಂದು ಅಲ್ಲೇ ನಿಂತು ನಿರ್ಧಾರ ಮಾಡಿದೆ. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು.

ಕತ್ತಲಾಗುತ್ತಾ ಬಂತು, ತಿರುಗಿದೆವು. ನಮ್ಮ ಗೇಟು ಕಂಡ ಕೂಡಲೇ ಅವಳು ಹೆಜ್ಜೆ ಎಳೆಯತೊಡಗಿದಳು. ಗೇಟಿನ ಮುಂದೆ ಬಂದು ನಿಂತೇಬಿಟ್ಟಳು.

“ಇಲ್ಲಿ ಬೇಡ. ಇದು ಆಂಟಿ ಮನೆ. ನಮ್ಮನೆಗೆ ಹೋಗಾಣ.”

“ಇದೇ ಕಣೇ ನಮ್ಮನೆ.”

“ಅಲ್ಲ. ನೀನ್ ನನ್ನ ಕರ್ಕೊಂಡೋಗಕ್ಕೆ ಬಂದಿದ್ದೆ.”

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಕರೆದುಕೊಂಡು ಹೋದ ಮೇಲೆ ಎಲ್ಲ ಮಕ್ಕಳೂ ಒಂದು ಮನೆಗೆ ಹೋಗುತ್ತವೆ. ನಾನು ಎಲ್ಲಿಗೆ ಕರೆದುಕೊಂಡು ಹೋಗಲಿ? ನನಗೇ ಇನ್ನೊಂದು ಮನೆ ಇರಲಿಲ್ಲ. ಒಳಗೆ ಅತ್ತೆ ಚಾಪೆಗಳನ್ನು ಒದ್ದೆಬಟ್ಟೆಯಲ್ಲಿ ಒರೆಸುತ್ತಿದ್ದರು. ಯಜಮಾನರು ಊಟಕ್ಕೆ ಕೇಳುತ್ತಿದ್ದುದು ಹೊರಗೇ ಕೇಳಿಸುತ್ತಿತ್ತು. ಕುಕ್ಕರ್ ಇನ್ನೂ ಇಟ್ಟಿರಲಿಲ್ಲ. ಮಗಳು ಎರಡೂ ಕೈಯಿಂದ ಗೇಟಿನ ಸರಳು ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು.

ಹಾಗೆ ಹಿಡಿದ ಕೈಗಳನ್ನು ಬಿಡಿಸುವುದು ನನಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಮಾಡುತ್ತಿದ್ದ ಕೆಲಸ. ಎಳೆಯಬಾರದು, ಕಿರುಬೆರಳಿನಿಂದ ಶುರು ಮಾಡಿ ಮೆಲ್ಲಗೆ ಒಂದೊಂದೇ ಬಿಡಿಸುತ್ತಾ ಬರಬೇಕು, ಬಾಯಲ್ಲಿ ಏನಾದರೂ ಹೇಳುತ್ತಿರಬೇಕು. ಹಾಗೆಯೇ ಬಿಡಿಸಿದೆ. ಎತ್ತಿಕೊಂಡು ಒಳಗೆ ಹೋಗಿ ಗೇಟು ಹಾಕಿದೆ. ಅವಳು ಅಳಲಿಲ್ಲ. ಇಳಿಸಿದ ಕೂಡಲೇ ಶೂ ಬಿಚ್ಚಿ, ಬ್ಯಾಗನ್ನು ಮೊಳೆಗೆ ಹಾಕಿದಳು.

ಶನಿವಾರ ರಜೆ. ಮಕ್ಕಳಿರಲಿಲ್ಲ, ಗೇಟು ಹಾಕಿಯೇ ಇತ್ತು. ಮಗಳು ಅಂದು ನನ್ನನ್ನು ಏನೆಂದೂ ಕರೆಯಲಿಲ್ಲ. ನೀರು ಬೇಕಾದರೆ “ನೀರು” ಎಂದಳು, ಹಸಿವಾದರೆ ಬಂದು ಎದುರು ನಿಂತಳು. ಕೊಟ್ಟದ್ದನ್ನು ಚೆಲ್ಲದೆ ತಿಂದಳು. “ನೋಡು, ಏಟು ಬಿದ್ದ್ ಮ್ಯಾಕೆ ಬುದ್ಧಿ ಬಂದೈತೆ,” ಎಂದರು ಅತ್ತೆ.

ತಮ್ಮನಿಗೆ ಬರಬೇಡವೆಂದು ಫೋನ್ ಮಾಡಿದ್ದೆ. ಅವನು ಹೇಗೂ ಬಿಡುವಾಗಿದೆ, ಅಕ್ಕನನ್ನು ನೋಡಿಕೊಂಡು ಹೋಗೋಣವೆಂದು ಭಾನುವಾರ ಬಂದೇಬಿಟ್ಟ. ಗೇಟಿನ ಹೊರಗೆ ಬೈಕು ನಿಲ್ಲಿಸಿ ಅಲ್ಲಿಂದಲೇ ಸೋದರ ಸೊಸೆಯ ಹೆಸರು ಕೂಗಿದ. ಹಾಲ್‌ನಲ್ಲಿ ಆಡುತ್ತಿದ್ದವಳು ತಟ್ಟನೆ ಎದ್ದಳು. ಬ್ಯಾಗು ಬೆನ್ನಿಗೇರಿಸಿದಳು. ಶೂಗಳನ್ನು ತಾನೇ ಹಾಕಿಕೊಂಡಳು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

“ಮಾವ ಬಂದವ್ನೆ. ನನ್ನ ಕರ್ಕೊಂಡೋಗಕ್ಕೆ,” ಎಂದಳು.

“ಸುಮ್ನೆ ನೋಡಕ್ಕೆ ಬಂದಿರೋದು ಕಣೇ. ನೀನು ಎಲ್ಲೂ ಹೋಗ್ಬೇಡ, ಇಲ್ಲೇ ಇರು,” ಎಂದು ಅವಳ ಕೈ ಹಿಡಿದುಕೊಂಡೆ.

ಅವಳು ಕಿತ್ತುಕೊಳ್ಳಲಿಲ್ಲ. ಬೀಳಲಿ, ಒದೆಯಲಿ, ಬ್ಯಾಗು ಎಸೆಯಲಿ ಎಂದು ನಾನು ಕಾದೆ. ಅವಳು ನನ್ನ ಕೈಯನ್ನು ನೋಡುತ್ತಾ, ನಾನಾಗಿಯೇ ಬಿಡುವವರೆಗೆ ತಾಳ್ಮೆಯಿಂದ ನಿಂತಿದ್ದಳು. ಬಿಟ್ಟೆ. ಮಾಲೂರಿಗೆ ಕರೆದುಕೊಂಡು ಹೋಗು ಎಂದು ತಮ್ಮನಿಗೆ ಹೇಳಿದೆ. ಅವಳು ಹೋಗಿ ಬೈಕಿನ ಟ್ಯಾಂಕಿನ ಮೇಲೆ ಕೂತು, ಬೀದಿ ತಿರುಗುವ ಮೊದಲು ನನಗೆ ಅಚ್ಚುಕಟ್ಟಾಗಿ ಟಾಟಾ ಮಾಡಿದಳು. ಅಷ್ಟು ಒಳ್ಳೆಯ ಹುಡುಗಿಯಾಗಿ ಅವಳು ನನ್ನೆದುರು ಹಿಂದೆಂದೂ ನಡೆದುಕೊಂಡಿರಲಿಲ್ಲ.